ಬರೀ ನೀರು

ಮಂಗಳವಾರ ಅಂಗಡಿಗೆ ರಜೆ.
ಶಟರನ್ನು ಅರ್ಧ ಎತ್ತಿ, ತಲೆ ತಗ್ಗಿಸಿ ಒಳಗೆ ಹೋಗುತ್ತೇನೆ.
ಕತ್ತರಿ ಮಲಗಿದೆ, ಬಾಚಣಿಗೆಗಳು ಮಲಗಿವೆ,
ಮೂಲೆಯ ಪಂಪು ಮಾತ್ರ
ಗೊಣಗುತ್ತ ಎದ್ದು ಕೂತಿದೆ.

ನಾಲ್ಕಡಿ ಗಾಜು. ಇನ್ನೂರು ಲೀಟರು.
ಫಿಲ್ಟರಿನಿಂದ ಇಳಿಸಿದ ಕಾವೇರಿ,
ಪೊಟ್ಟಣದ ಉಪ್ಪು ಏಳೂವರೆ ಕೆಜಿ.
ನಾಲಗೆಯ ತುದಿಗೆ ಒಂದು ಹನಿ ಇಟ್ಟು ನೋಡಿದೆ.
ಸಮುದ್ರವನ್ನು ಎರಡೇ ಸಲ ಕಂಡವನು,
ಹೌದೆನ್ನಲೋ ಅಲ್ಲವೆನ್ನಲೋ ತಿಳಿಯಲಿಲ್ಲ.

"ಏನ್ಲಾ ಚಿಕ್ಕಮರಿ, ಬರೀ ನೀರ್ ಮಡಗಿದ್ದೀಯ?"
ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ
ಕನ್ನಡಿಯೊಳಗಿಂದಲೇ ಕೇಳುತ್ತಾರೆ.
ಎದುರಿಗೊಂದು ಕನ್ನಡಿ, ಹಿಂದೊಂದು ಕನ್ನಡಿ,
ತೊಟ್ಟಿಯ ಹಿಂದೆ ತೊಟ್ಟಿ, ಅದರ ಹಿಂದೆ ಇನ್ನೊಂದು,
ಬೆಂಗಳೂರು ರಸ್ತೆಯಷ್ಟು ಉದ್ದ ಸಾಲು,
ಒಂದರಲ್ಲೂ ಮೀನಿಲ್ಲ.
"ದುಡ್ ಸುರ್ದು ನೀರ್ ನೋಡ್ಕಂಡ್ ಕೂತವ್ನೆ"
ಕೆರಗೋಡಿನ ಲಾರಿ ಡ್ರೈವರು ನಗುತ್ತಾನೆ.
ರೇಜರು ಅವನ ಗಂಟಲ ಮೇಲಿದೆ. ನಾನೂ ನಗುತ್ತೇನೆ.
ಅವನು ನಿಲ್ಲಿಸುತ್ತಾನೆ.

ಮೊದಲ ಸಲದ್ದನ್ನು ಯಾರಿಗೂ ಹೇಳಿಲ್ಲ.
ನೀರು ತುಂಬಿದ ಮರುದಿನವೇ ಮೈಸೂರಿಗೆ ಹೋಗಿ
ಮಡಿಲಲ್ಲಿ ಕವರಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದೆ,
ಕಿತ್ತಳೆ ಮೈ, ಬಿಳಿ ಪಟ್ಟೆ, ಜೋಡಿ.
ಶ್ರೀರಂಗಪಟ್ಟಣದ ಹಂಪಿನಲ್ಲಿ ಇಬ್ಬರೂ ನನ್ನನ್ನೇ ನೋಡಿದವು.
ತೊಟ್ಟಿಯ ನೀರು ಎಷ್ಟು ತಿಳಿಯಾಗಿತ್ತು!
ತಿಳಿಯಾಗಿದ್ದರೆ ಸಾಕು ಅಂದುಕೊಂಡಿದ್ದೆ.
ನಾಲ್ಕನೇ ದಿನ ಮೇಲೆ ಬಂದು ಗಾಳಿ ಕಚ್ಚತೊಡಗಿದವು.
ಆರನೇ ದಿನ ಒಂದು. ರಾತ್ರಿ ಇನ್ನೊಂದು.
"ತಮ್ಮ ಉಚ್ಚೆಯಲ್ಲೇ ಬೆಂದುಹೋದವು ಅಣ್ಣ,
ಅದನ್ನು ತಿನ್ನುವವರು ಆ ನೀರಲ್ಲಿ ಇನ್ನೂ ಹುಟ್ಟಿರಲಿಲ್ಲ"
ಅಂದ, ಮೀನಂಗಡಿಯ ತನ್ವೀರ್.
ಪೌಡರಿನ ಖಾಲಿ ಡಬ್ಬಿಯಲ್ಲಿಟ್ಟು
ನಾಲೆ ಏರಿಯ ಮೇಲೆ ಹೂತೆ.

ಈ ಸಲ ಮೊದಲೇ ಒಂದು ಸಾವನ್ನು ಹಾಕಿದೆ:
ಸಿಪ್ಪೆ ಸಮೇತ ಸೀಗಡಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ.
ಜೊತೆಗೆ ತನ್ವೀರನ ಹಳೇ ತೊಟ್ಟಿಯಿಂದ
ಒದ್ದೆ ಪೇಪರಿನಲ್ಲಿ ಸುತ್ತಿ ತಂದ ಕಲ್ಲು, ಮುಷ್ಟಿಯಷ್ಟು.
ಸೀಗಡಿ ಕೊಳೆಯಿತು. ಆಫ್ಟರ್‌ಶೇವ್ ಸೋತಿತು.
ಕೊಳವೆಗೆ ನೀರು ಹಿಡಿದು ಎಂಟು ಹನಿ, ಮತ್ತೆಂಟು ಹನಿ,
ಕುಲುಕಿ, ಬಲ್ಬಿನ ಕೆಳಗೆ ಹಿಡಿದರೆ
ಎಳೆಗಬ್ಬಿನ ಹಸಿರು. ವಿಷ.
ಕ್ಯಾಲೆಂಡರಿನ ಹಿಂದೆ, ಸಾಲದ ಕಟಿಂಗುಗಳ ಪಕ್ಕದಲ್ಲಿ
ಬರೆದುಕೊಂಡೆ.
ಮೂರನೇ ವಾರ ಇನ್ನೊಂದು ಕೊಳವೆ ನೇರಳೆಯಾಯಿತು,
ಅದೂ ವಿಷ, ಬೇರೆ ಹೆಸರಿನದು.
ಗಾಜಿಗೆ ಕಾಫಿ ಚೆಲ್ಲಿದಂತೆ ಕಂದು ಪಾಚಿ.
ದಿನಕ್ಕೆ ಮೂರು ಸಲ ನೋಡಿದೆ, ನಾಲ್ಕು ಸಲ ನೋಡಿದೆ.
ಹನಿ ಮುಗಿಯಿತು, ಇನ್ನೊಂದು ಬಾಟಲಿ ತಂದೆ.

ಮೊಮ್ಮಗನ ಕೂದಲು ತೆಗೆಸಲು ಬಂದ ನಿಂಗಾಜಮ್ಮ
ಬೆಂಚಿನ ತುದಿಯಲ್ಲಿ ಕೂತು ತುಂಬ ಹೊತ್ತು ನೋಡಿದರು.
"ಯಾರೂ ಇಲ್ದಿರೋ ಮನೇಗೆ ಯಾಕಪ್ಪಾ ಲೈಟು?"
ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ,
ಜೋಡಿ, ಬಸ್ಸು, ಸೀಗಡಿ, ಕಲ್ಲು.
"ಓ," ಅಂದರು, "ಹೆಪ್ಪಾಕಿದ್ದೀಯ ಅನ್ನು!
ಪಕ್ಕದ್ ಮನೇಲಿ ಈಸ್ಕಂಡು.
ಹಂಗಾದ್ರೆ ಅಲ್ಲಾಡುಸ್ಬ್ಯಾಡ ಕಣಪ್ಪ.
ಗಳಿಗೆಗೊಂದ್ ಸಲ ಮುಚ್ಚಳ ತೆಗುದ್ ನೋಡುದ್ರೆ
ಯಾವ್ ಮೊಸರೂ ಆಗಕಿಲ್ಲ."

ಅಂದಿನಿಂದ ಮಂಗಳವಾರ ಮಾತ್ರ.

ಇವತ್ತು ಏಳನೆಯದು.
ಕೊಳವೆಯಲ್ಲಿ ಹಳದಿ, ನಿಂಬೆಹಣ್ಣಿನ ಸಿಪ್ಪೆಯಷ್ಟು ಹಳದಿ.
ಇನ್ನೊಂದು ತಿಳಿ ನೀಲಿ.
ನಂಬದೆ ಮತ್ತೊಮ್ಮೆ ಹಾಕಿ ನೋಡಿದೆ.
ಅದೇ.
ಗಿರಾಕಿಯ ಕುರ್ಚಿಯಲ್ಲಿ ನಾನೇ ಕೂತೆ.
ತೊಟ್ಟಿಯ ಹಿಂದೆ ತೊಟ್ಟಿ, ಅದೇ ಸಾಲು,
ಅದೇ ಬರೀ ನೀರು.
ಬಸ್ಸಿಗೆ ಚಿಲ್ಲರೆ ಎಣಿಸಿಕೊಂಡೆ. ಒಂದೇ ತರುವುದು, ಸದ್ಯಕ್ಕೆ.

ಹೊರಬಂದು, ಎಂದೂ ಧಡಾರನೆ ಎಳೆಯುವ ಶಟರನ್ನು
ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದೆ,
ಒಳಗೆ ಯಾರೋ ಈಗಷ್ಟೇ
ನಿದ್ದೆ ಹೋದ ಹಾಗೆ.