ಸೌದೆಕೊಟ್ಟಿಗೆಯಲ್ಲಿ ಇಬ್ಬರು

ಆಗಸ್ಟಿನ ಕೊನೆ. ಗಿಪ್ಸ್‌ಲ್ಯಾಂಡಿನ ಗುಡ್ಡದ ಹುಲ್ಲು ಇನ್ನೂ ಬೆಳ್ಳಗೆ ಹೆಪ್ಪುಗಟ್ಟಿದೆ.
ಈನಿಡ್ ಟ್ರಾಸ್ಕ್ ಒಲೆಗೆ ಸೌದೆ ತರಲು ಹೋದಾಗ
ಹಳೆ ರಬ್ಬರ್ ಬೂಟಿನ ಪಕ್ಕ ಬಿದ್ದಿತ್ತು
ಗಂಡು ಆಂಟೆಕೈನಸ್.
ಇಲಿ ಎನ್ನಬೇಡಿ, ಅವಳಿಗೆ ಸಿಟ್ಟು ಬರುತ್ತದೆ.
ಇಲಿಗೆಲ್ಲಿಯ ಈ ಚೂಪು ಮೂತಿ, ಈ ಸಾಲು ಸೂಜಿಹಲ್ಲು?
ಕಾಂಗರೂವಿಗೆ ದೂರದ ದಾಯಾದಿ,
ಜೇಡ ಜಿರಲೆಗಳ ಪಾಲಿನ ಯಮ.

ಬೆನ್ನ ರೋಮ ಉದುರಿದೆ, ಚರ್ಮವೆಲ್ಲ ಹುಣ್ಣು.
ಎರಡು ವಾರ ಸರಿಯಾಗಿ ಉಂಡಿಲ್ಲ, ಮಲಗಿಲ್ಲ;
ಹೆಣ್ಣಿಂದ ಹೆಣ್ಣಿಗೆ ಓಡಿ ಓಡಿ
ತನ್ನ ಮೈಯನ್ನೇ ಕೊಳ್ಳಿ ಮಾಡಿ ಉರಿಸಿಕೊಂಡು
ವರ್ಷ ತುಂಬುವ ಮೊದಲೇ ಮುಗಿಸಿದ.
ಈ ವಾರ ಗುಡ್ಡದ ಗಂಡುಗಳೆಲ್ಲ ಹೀಗೇ.
"ಪೆದ್ದ," ಎಂದಳು, ಸಲಿಕೆಯಲ್ಲಿ ಎತ್ತುತ್ತಾ,
"ಬಾಯ್ತುಂಬ ಹಲ್ಲಿಟ್ಟುಕೊಂಡು ಉಪವಾಸ ಸತ್ತೆಯಲ್ಲೋ."

ಕಿಟಕಿಯ ಪಟ್ಟಿಯ ಮೇಲೊಂದು ಗೂಡು,
ಎಂಪರರ್ ಗಮ್ ಪತಂಗದ್ದು.
ಕಂದು, ಗಟ್ಟಿ, ಜಾಯಿಕಾಯಿಯ ಹಾಗೆ.
ನಾಲ್ಕು ವರ್ಷದಿಂದ ಕೂತಿದೆ.
"ಸತ್ತಿದೆ, ಎಸೆ," ಅಂದಿದ್ದ ಹಾಲಿನ ಲಾರಿಯ ಡೆಸ್ಮಂಡ್.
ಎಸೆದಿರಲಿಲ್ಲ. ಕಾರಣವೇನಿಲ್ಲ, ಮರೆತಿದ್ದಳು.

ನವೆಂಬರಿನ ಒಂದು ಸಂಜೆ
ಒಳಗಿನಿಂದ ಯಾರೋ ಗರಗಸ ಎಳೆದಂತೆ ಸದ್ದು.
ರೆಕ್ಕೆಬುಡದ ಮುಳ್ಳಿನಿಂದ ಗೋಡೆ ಕೊರೆದು
ಒದ್ದೆ ಮುದ್ದೆಯಾಗಿ ಹೊರಬಿದ್ದವಳು
ನೋಡನೋಡುತ್ತ ಅಂಗೈಗಿಂತ ಅಗಲ,
ರೆಕ್ಕೆಗೊಂದರಂತೆ ನಾಲ್ಕು ಕಣ್ಣು.
ಬಾಯಿ? ಲೆಕ್ಕಕ್ಕೆ ಸಿಗುವಂಥದ್ದಿಲ್ಲ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು
ನಾವು ಆಡಿಕೊಳ್ಳುತ್ತೇವೆ. ಇವಳನ್ನು ಆಡಿಕೊಳ್ಳುವುದು ಹೇಗೆ?
ಹುಳುವಾಗಿದ್ದಾಗ ಮೆದ್ದ ನೀಲಗಿರಿ ಎಲೆಯೇ
ಕೊನೆತನಕದ ಬುತ್ತಿ.

ಅವನು ಓಡಿದ. ಇವಳು ಕದಲದೆ ಕೂತು
ಗಾಳಿಗೆ ಗಂಧ ಬಿಟ್ಟಳು.
ಸಾಲ ಒಂದೇ, ಕಂತು ಬೇರೆ
ಎಂದು ಈನಿಡ್ ಯೋಚಿಸಲಿಲ್ಲ, ಅದು ನನ್ನ ಮಾತು.
ಅವಳು ದೀಪ ಆರಿಸಿ
ಗಂಡು ಪತಂಗ ಬರಲೆಂದು
ಬಾಗಿಲು ಒಂದು ಗೇಣು ತೆರೆದಿಟ್ಟು ಮಲಗಲು ಹೋದಳು.

ಬೆಳಿಗ್ಗೆ ಪಟ್ಟಿಯ ಮೇಲೆ ರೆಕ್ಕೆಗಳಷ್ಟೇ,
ನಾಲ್ಕೂ ಕಣ್ಣು ತೆರೆದುಕೊಂಡು.
ಮೊಟ್ಟೆ ಇಟ್ಟಿದ್ದಳೋ ಇಲ್ಲವೋ, ಹುಡುಕಿದರೂ ತಿಳಿಯಲಿಲ್ಲ.
ಬೂಟಿನೊಳಗೆ, ಚಿಂದಿ ಮಾಡಿದ ಕಾಲುಚೀಲದ ನಡುವೆ,
ಆ ಓಡುಗಾಲಿನವನ ಹೆಂಡಿರಲ್ಲಿ ಒಬ್ಬಳು
ಮೂತಿಗೆ ಬೂದಿಯಂಥ ರೆಕ್ಕೆಪುಡಿ ಮೆತ್ತಿಕೊಂಡೇ ನಿದ್ದೆಹೋಗಿದ್ದಾಳೆ.
ಹೊಟ್ಟೆಯಡಿ ಎಂಟು ಮರಿ,
ಎಂಟೂ ಬಾಯಿ ಮೊಲೆಯಲ್ಲಿ.

ಈನಿಡ್ ಬೂಟು ಮುಟ್ಟಲಿಲ್ಲ.
ಆಚೆ ಬದಿಯ ರಾಶಿಯಿಂದ ನಾಲ್ಕು ಸೌದೆ ಎತ್ತಿಕೊಂಡಳು,
ಅದು ಹಸಿ, ಮನೆಯೆಲ್ಲ ಹೊಗೆಯೆಂದು ಗೊತ್ತಿದ್ದೂ.