ಬೇರೆಯಾಗಿ ಕೇಳಲಾಗಿ

ಇಪ್ಸ್‌ವಿಚ್ಚಿನ ದಾಖಲೆ ಕೋಣೆಗೆ ಪೆನ್ನು ಬಿಡುವುದಿಲ್ಲ,
ಪೆನ್ಸಿಲು ಮಾತ್ರ. ಕೋಟು, ಕೊಡೆ, ಕ್ಲೆಮ್ ಕೊಟ್ಟ ಕಂದು ಲಕೋಟೆ
ಎಲ್ಲ ಹೊರಗಿನ ಕಪಾಟಿನಲ್ಲಿ.
ಕುರಿದೊಗಲ ಸುರುಳಿ ಬಿಚ್ಚಿ ಸೀಸದ ಮಾಲೆ ಹೇರಿದರೂ
ನಿದ್ದೆ ಬಾರದ ಮಗುವಿನ ಹಾಗೆ
ತುದಿ ಮೆಲ್ಲಗೆ ತಲೆಯೆತ್ತುತ್ತದೆ.

ಮೊದಲ ವಾರ ಓದಿದ್ದೆಲ್ಲ ತಪ್ಪು.
ಮೆಸುವೇಜು ಅಂದರೆ ಯಾರೋ ಕಳಿಸಿದ ಮೆಸೇಜು ಅಂದುಕೊಂಡೆ;
ಅದು ಬರಿಯ ಮನೆ, ಹಿತ್ತಲು ಹಂದಿಗೂಡು ಸಮೇತ.
ಸರೆಂಡರ್ ಎಂದಿತ್ತು, ಯಾವ ಯುದ್ಧ ಸೋತರೋ ಎಂದು ಮರುಗಿದೆ.
ಅಂಥದ್ದೇನಿಲ್ಲ. ಒಕ್ಕಲು ಒಂದು ಕೋಲನ್ನು
ಧಣಿಯ ಪಾರುಪತ್ತೇಗಾರನ ಕೈಗಿಡುತ್ತಾನೆ,
ಅವನು ಅದನ್ನೇ ಇನ್ನೊಬ್ಬನ ಕೈಗೆ.
ಮೂರು ಎಕರೆ, ಒಂದು ಕೊಳ, ಗಾಡಿ ಹಾಯುವ ಹಕ್ಕು:
ನೆಲ ಇದ್ದಲ್ಲೇ ಇರುತ್ತದೆ, ಕೋಲು ನಡೆದುಹೋಗುತ್ತದೆ.

ಹೆರಿಯಟ್: ಯಜಮಾನ ಸತ್ತರೆ ಹಟ್ಟಿಯ ಒಳ್ಳೆಯ ದನ ಧಣಿಗೆ.
ಥರ್ಟಲ್ ಮನೆಯಲ್ಲಿ, ‘ದನ ಇಲ್ಲವಾದ್ದರಿಂದ ಹಿತ್ತಾಳೆಯ ಹಂಡೆ ಒಂದು.’
ಆ ರಾತ್ರಿ ಗಂಜಿ ಯಾವುದರಲ್ಲಿ ಬೆಂದಿತೋ
ಬರೆದಿಲ್ಲ.

ನಾನು ಹುಡುಕುತ್ತಿದ್ದುದು ಜೋನಸ್ ಥರ್ಟಲ್‌ನನ್ನು.
ಸಿಕ್ಕಿದವಳು ಥಾಮಸಿನ್.
‘ಸದರಿಯವನ ಹೆಂಡತಿ, ಗಂಡನಿಂದ ಬೇರೆಯಾಗಿ,
ಏಕಾಂತದಲ್ಲಿ ಕೇಳಲಾಗಿ, ಸ್ವಂತ ಮನಸ್ಸಿನಿಂದ ಒಪ್ಪಿದಳು.’
ನೆಲ ಅವಳದು, ಅಪ್ಪನ ಕಡೆಯಿಂದ ಬಂದದ್ದು.

‘ಅದು ಎಲ್ಲ ಕಡೆ ಇರುತ್ತದೆ,’ ಎಂದಳು ಮೇಜಿನಾಚೆಯ ಮಿಸ್ ಗೌಲ್ಡಿಂಗ್,
‘ಗುಮಾಸ್ತರ ಬಾಯಿಪಾಠ.’
ಇರಬಹುದು.
ಆದರೂ ಹೆಂಡದಂಗಡಿಯ ಹಿಂಗೋಣೆಯ ಬಾಗಿಲು ಒಮ್ಮೆ ಮುಚ್ಚಿತಲ್ಲ,
ಜೋನಸ್ ಲೋಟ ಹಿಡಿದು ಆಚೆ ಉಳಿದನಲ್ಲ.
ಚರ್ಚಿನ ಪುಸ್ತಕದಲ್ಲಿ ಅವಳು ಮಗಳು, ಹೆಂಡತಿ,
ಒಂಬತ್ತು ಸಲ ತಾಯಿ, ಆಮೇಲೆ ಹೂಳಿದ ತಾರೀಖು.
ಪ್ರಶ್ನೆ ಎಂಬುದು ಇಲ್ಲಿ ಮಾತ್ರ.

ಓದು ಬಾರದವಳ ಇಂಟು ಗುರುತು. ಅದರ ಪಕ್ಕ
ಹೆಸರುಕಾಳಿನಷ್ಟು ಮಸಿ:
ಎಳೆಯುವ ಮುಂಚೆ ಕೈ ಅಲ್ಲಿ ನಿಂತಿತ್ತು.
ಎಷ್ಟು ಹೊತ್ತು?

ಐದಕ್ಕೆ ಗಂಟೆ ಬಾರಿಸಿದರು. ಸುರುಳಿ ತಾನೇ ಸುತ್ತಿಕೊಂಡಿತು.
ಲಕೋಟೆಯಲ್ಲಿ ನಮ್ಮ ಮನೆ ಮಾರುವ ಕಾಗದ,
ಕ್ಲೆಮ್‌ನ ಸಹಿ ಒಣಗಿ ವಾರವಾಯಿತು.
ಕೆಳಗೆ ನನ್ನ ಸಾಲು. ವಕೀಲರ ಕಡೆಯವರು ಯಾರೋ
ಪೆನ್ಸಿಲಿನಲ್ಲಿ ಪುಟ್ಟ ಇಂಟು ಹಾಕಿದ್ದಾರೆ, ಇಲ್ಲಿ ಎಂದು.

ಬಸ್ಸಿನಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದೆ.
ಸ್ಟೋಮಾರ್ಕೆಟ್ ದಾಟಿದರೂ
ತೆಗೆದೇ ಇತ್ತು.