ಮೂರನೇ ಆಯ್ಕೆ

ಝೂವಾಲಜಿಗೆ ಎರಡು ಅಂಕ ಸಾಲದೆ
ಮೂರನೇ ಆಯ್ಕೆಯ ಇಂಗ್ಲಿಷ್ ಸಾಹಿತ್ಯ ಸಿಕ್ಕಿತು ನನಗೆ.
ವಿದ್ಯಾನಗರದ ಅದೇ ಕಾಲೇಜು, ಅದೇ ಬದಿಯಡ್ಕದ ಬಸ್ಸು,
ಮೆಟ್ಟಿಲ ಹತ್ತಿರ ಮಾತ್ರ
ಮಿಸ್ರಿಯ ಎಡಕ್ಕೆ, ನಾನು ಬಲಕ್ಕೆ.

ನಮ್ಮ ಪಠ್ಯದಲ್ಲೂ ಹುಳಗಳಿವೆ, ಬೇಕಾದಷ್ಟು.
ಒಂದೂ ಹುಳವಾಗಿ ಇರುವುದಿಲ್ಲ.
ನೊಣವೆಂದರೆ ಸಾವು, ಪತಂಗವೆಂದರೆ ಮೋಹ,
ಮಿಡತೆಗೆ ಎಂಟು ಅಂಕ, ಇನ್ನೂರು ಪದ ಮೀರದಂತೆ.
ಸರ್ ಮಲಯಾಳದಲ್ಲಿ ಬಿಡಿಸಿ ಹೇಳುತ್ತಾರೆ,
ನಾನು ಕನ್ನಡದಲ್ಲಿ ಗೀಚಿಕೊಂಡು
ರಾತ್ರಿ ಇಂಗ್ಲಿಷಿಗೆ ಹೊರಳಿಸುತ್ತೇನೆ. ಅಷ್ಟರಲ್ಲಿ
ಕಾಲು, ರೆಕ್ಕೆ, ಏನೂ ಉಳಿದಿರುವುದಿಲ್ಲ ಅದಕ್ಕೆ.

ಅವಳ ಲ್ಯಾಬಿನಲ್ಲಿ ನುಸಿಗುಳಿಗೆಯ ವಾಸನೆ.
ಪೆಟ್ಟಿಗೆಯೊಳಗೆ ಕುರುವಾಯಿ.
ಸೂಜಿ ಬಲರೆಕ್ಕೆಗೇ ಚುಚ್ಚಬೇಕಂತೆ.
"ಇದರ ಅರ್ಥ ಏನೇ?" ಎಂದೆ ತಮಾಷೆಗೆ.
"ತೆಂಗಿನ ಸುಳಿ ತಿಂತದೆ," ಎಂದಳು.

ಮೊನ್ನೆ ನೀರ್ಚಾಲಿನಲ್ಲಿ, ಮುರಕಲ್ಲ ಕೋರೆಯ ನೀರ ಬಳಿ
ದುಪಟ್ಟಾ ಬೀಸಿ ನಾನೇ ಒಂದು ಏರೋಪ್ಲೇನ್ ಚಿಟ್ಟೆ ಹಿಡಿದೆ.
ಕೆಂಪಲ್ಲ, ಮಾಗಿದ ಗೇರುಹಣ್ಣಿನ ಬಣ್ಣ.
ಉಗುರಗಲದ ಚೀಟಿ ಕೊಟ್ಟು
ಇಂಗ್ಲಿಷಿನಲ್ಲೇ ಬರೆ ಎಂದಳು ಮಿಸ್ರಿಯ:
ಊರು. ತಾರೀಕು. ಹಿಡಿದವರು.

ಬರೆದೆ. ಎರಡು ವರ್ಷದ ಓದಿನಲ್ಲಿ
ಯಾರ ಗೈಡಿನಿಂದಲೂ ಎತ್ತದ ನನ್ನ ಮೊದಲ ಸಾಲು.

ಅದರ ಹೆಸರಿನ ಜಾಗ ಇನ್ನೂ ಖಾಲಿ.
ಪೆನ್ಸಿಲಿನಲ್ಲಿ ಪ್ರಶ್ನೆಚಿಹ್ನೆ ಹಾಕಿ
ಅವಳು ಮುಚ್ಚಳ ಒತ್ತುವಾಗ
ಹಿಂದಿನ ಒಂದು ಕಾಲು ಆಡಿದ ಹಾಗಾಯಿತು.
ನಾಳೆ ಪರೀಕ್ಷೆಯಲ್ಲಿ ಅದಕ್ಕೇನು ಅರ್ಥ ಬರೆಯಲಿ?
ಬಸ್ಸಿನಲ್ಲಿ ಕೇಳೋಣವೆಂದುಕೊಂಡೆ,
ಕೇಳಲಿಲ್ಲ.